ಕುಟಿನೊ ಸಹಿಯ ಗಿಟಾರ್

ಇಂಡಿ
12 ಸೆಪ್ಟೆಂಬರ್ 1976

ಸುಂದರವ್ವ ವೈನಿಯವರಿಗೆ ಭೀಮಶ್ಯಾನ ನಮಸ್ಕಾರ.

ಗೆಳೆಯ ಸೋಮನಿಂಗ ತೀರಿ ವರ್ಷವಾದ ಕಾರ್ಯಕ್ಕೆ ಬಂದಾಗ ನಿಮ್ಮ ಜೊತೆ ನಾಲ್ಕು ಮಾತು ಆಡಲಾಗಲಿಲ್ಲ. ಪಡಸಾಲೆಯ ತುಂಬ ಮಂದಿ ಇದ್ದರು. ಊಟ ಮಾಡಿ, ನಿಮ್ಮ ಅತ್ತೆಯವರ ಕಾಲಿಗೆ ಬಿದ್ದು, ಮುದ್ದೇಬಿಹಾಳದ ಬಸ್ಸು ಹಿಡಿದೆ. ಗೋಡೆಗೆ ತೂಗುಹಾಕಿದ ಅವನ ಗಿಟಾರಿನ ಕಡೆ ಕಣ್ಣೆತ್ತಿ ಸಹ ನೋಡಲಿಲ್ಲ ಅಂತ ಬಸ್ಸು ಊರು ದಾಟಿದ ಮೇಲೆ ನೆನಪಾಯಿತು.

ಅದರ ಸಲುವಾಗಿಯೇ ಈ ಪತ್ರ. ಮಳೆಗಾಲದ ಥಂಡಿಗೆ ಕಟ್ಟಿಗೆ ಬಾಗುತ್ತದೆ. ನುಡಿಸುವವರಿಲ್ಲದೆ ಬಹಳ ದಿನ ಗೋಡೆಯ ಮೇಲಿದ್ದರೆ ಕೆಡುತ್ತದೆ. ನನ್ನ ಹತ್ತಿರ ಇದ್ದರೆ ಒರೆಸಿ ಇಡುತ್ತೇನೆ. ನೆಲಕ್ಕೆ ಹಾಸುವ ಪರಸಿ ಕಲ್ಲು ಹೇರಿಕೊಂಡು ಯಾಕೂಬಸಾಬನ ಲಾರಿ ವಾರಕ್ಕೊಮ್ಮೆ ನಿಮ್ಮ ನಾಲತವಾಡದ ಮೇಲೆ ಹಾಯ್ದು ಇಂಡಿಗೆ ಬರುತ್ತದೆ. ಗೋಣಿಚೀಲದಲ್ಲಿ ಸುತ್ತಿ ಕೊಡಿ, ಆತ ಜೋಪಾನವಾಗಿ ತರುತ್ತಾನೆ.

ಇನ್ನೊಂದು ಮಾತು. ಬಸವನ ಬಾಗೇವಾಡಿಯಲ್ಲಿ ಬಸಂತರಾಯ ಅಂತ ಒಬ್ಬ ಸಾಲಿ ಮಾಸ್ತರರು ಇದ್ದಾರೆ. ಅವರ ಹತ್ತಿರವೂ ಕುಟಿನೊ ಸಹಿಯ ಗಿಟಾರ್ ಇದೆಯಂತೆ. ನಮ್ಮ ಜಿಲ್ಲೆಯ ಇನ್ನೊಂದು ಎಲ್ಲಿದೆ ಅಂತ ಕೇಳುತ್ತ ತಿರುಗುತ್ತಿದ್ದಾರಂತೆ. ಅವರು ನಿಮ್ಮ ಮನೆಗೆ ಬಂದರೆ ದಯಮಾಡಿ ತೋರಿಸಬೇಡಿ. ಇಂಥ ಹವ್ಯಾಸದವರು ಮುಟ್ಟಿ ಮುಟ್ಟಿ ಹಾಳು ಮಾಡುತ್ತಾರೆ.

ಬೇಗ ಉತ್ತರ ಬರೆಯಬೇಕು.

ಭೀಮಶ್ಯಾ

*

ನಾಲತವಾಡ
26 ಸೆಪ್ಟೆಂಬರ್ 1976

ಭೀಮಶ್ಯಾ ಅಣ್ಣಾವರಿಗೆ,

ನಿಮ್ಮ ಪತ್ರ ಬಂದು ಹತ್ತು ದಿನವಾಯಿತು. ನನಗೆ ದಿನಚರಿ ಬರೆದು ರೂಢಿ, ಪತ್ರ ಬರೆದು ಅಲ್ಲ. ತಪ್ಪಿದ್ದರೆ ಹೊಟ್ಟೆಯಲ್ಲಿ ಹಾಕಿಕೊಳ್ಳಿ.

ವರ್ಷದ ಕಾರ್ಯ ಮುಗಿಯಿತು ಅಂತ ಎಲ್ಲರೂ ಒಂದೊಂದು ಸಾಮಾನು ಕೇಳಿ ಒಯ್ಯುತ್ತಿದ್ದಾರೆ. ನಮ್ಮ ಮನೆಯವರ ರೇಡಿಯೋ ಅಂಗಡಿಯಲ್ಲಿದ್ದ ಲೌಡ್‌ಸ್ಪೀಕರ್ ಜೋಡಿ ಅವರ ಕಾಕಾನ ಮಗ ಒಯ್ದ. ಸೈಕಲ್ ಹೋಯಿತು. ರಿಪೇರಿಗೆ ಬಂದು ಉಳಿದಿದ್ದ ರೇಡಿಯೋಗಳನ್ನು ಅವುಗಳ ಮಾಲೀಕರು ಒಯ್ದರು. ಈಗ ನೀವೂ ಕೇಳಿದಿರಿ. ಬೇಜಾರಿನಿಂದ ಹೇಳುತ್ತಿಲ್ಲ. ಆದರೆ ಅದನ್ನು ಕಳಿಸಲು ನನ್ನಿಂದ ಆಗುವುದಿಲ್ಲ. ನೀವು ಅದನ್ನು ಆಯೇರಿ ಕೊಟ್ಟದ್ದು ನಮ್ಮ ಮದುವೆಯಲ್ಲಿ. ಅದೂ ನಾನೂ ಒಂದೇ ದಿನ ಈ ಮನೆಗೆ ಬಂದವರು.

ಮೊದಮೊದಲು ನನಗೆ ಅದರ ಮೇಲೆ ಹೊಟ್ಟೆಕಿಚ್ಚಿತ್ತು. ಮಧ್ಯಾಹ್ನ ಅಂಗಡಿಯಿಂದ ಊಟಕ್ಕೆ ಬಂದು ನಮ್ಮವರು ಅದರ ವಾಯರನ್ನು ಹಳೆಯ ರೇಡಿಯೋಕ್ಕೆ ಸಿಕ್ಕಿಸಿ, ಒಳಗಿನ ವಾಲ್ವುಗಳು ಕಾಯುವ ತನಕ ಸುಮ್ಮನೆ ಕೂಡುತ್ತಿದ್ದರು. ರೇಡಿಯೋದ ಬೆನ್ನಿನಲ್ಲಿ ನಾಲ್ಕು ಸಣ್ಣ ಕೆಂಡ ಹೊತ್ತಿದಂತೆ ಕಾಣುತ್ತಿತ್ತು. ಆಮೇಲೆ ಒಂದೇ ತಂತಿ ಮಿಡಿಯುತ್ತಿದ್ದರು. ಆ ಸಪ್ಪಳ ಮನೆಯಲ್ಲಿ ಹುಟ್ಟಿದ್ದು ಅನ್ನಿಸುತ್ತಿರಲಿಲ್ಲ. ದೂರದಿಂದ ನೀರಿನ ಮೇಲೆ ಬಂದಂತೆ ಬರುತ್ತಿತ್ತು. ಒಲೆಯ ಮುಂದೆ ಕೂತ ನನಗೆ ರೊಟ್ಟಿ ಹೊತ್ತಿದ್ದು ತಿಳಿಯುತ್ತಿರಲಿಲ್ಲ.

ಅದರ ತಲೆಯ ಮೇಲಿನ ಸಹಿ ತೋರಿಸಿ ಒಂದು ಸಲ ಜಗಳ ತೆಗೆದೆ. "ಮಂದಿ ಹೆಸರ ಬರದ ಸಾಮಾನ ಯಾಕ ಬೇಕ್ರಿ ನಿಮಗ? ನಮ್ಮ ತಾಟಿನ ಮ್ಯಾಲ ನಮ್ಮ ಹೆಸರ ಐತಿ, ಮಂದೀದ ಹಾಕಿಸೇವೇನು?" ಅಂದೆ.

ಅವರು ನಕ್ಕರು. "ತಾಟಿನ ಮ್ಯಾಲಿನ ಹೆಸರು ಇದು ಯಾರ್ದು ಅಂತ ಹೇಳ್ತೈತಿ. ಇದರ ಮ್ಯಾಲಿನ ಹೆಸರು ಹೆಂಗ ಬಾರಸಬೇಕು ಅಂತ ಹೇಳ್ತೈತಿ" ಅಂದರು.

ಆಮೇಲೆ ಎಲ್ಲ ಬಿಡಿಸಿ ಹೇಳಿದರು. ಮುಂಬೈಯಲ್ಲಿ ಅಲ್ಬನ್ ಕುಟಿನೊ ಅಂತ ಒಬ್ಬರು ಮೂವತ್ತು ವರ್ಷ ಸಿನೆಮಾ ಹಾಡುಗಳಿಗೆ ಗಿಟಾರ್ ನುಡಿಸಿದರಂತೆ. ರೇಡಿಯೋದಲ್ಲಿ ಹಾಡಿದವರ ಹೆಸರು ಹೇಳುತ್ತಾರೆ, ಅವರ ಹೆಸರು ಒಂದು ಸಲವೂ ಹೇಳಲಿಲ್ಲ. ಕೊನೆಗೆ ಒಂದು ಕಾರ್ಖಾನೆಯವರು ನಿಮ್ಮ ಕೈಗೆ ಹೇಗೆ ಬೇಕೋ ಹಾಗೆ ಮಾಡುತ್ತೇವೆ ಅಂದರಂತೆ. ಕುಟಿನೊ ಅವರ ಬೆರಳು ಗಿಡ್ಡ, ಅದಕ್ಕೆ ಗಿಟಾರಿನ ಕುತ್ತಿಗೆ ಸಪೂರ. ಸಪ್ಪಳ ದುಂಡಗೆ ಬರಲಿ ಅಂತ ಒಂದು ಗುಂಡಿ ಹೆಚ್ಚು. ಬಣ್ಣ ಒಣಮೆಣಸಿನಕಾಯಿಯದು. ತಲೆಯ ಮೇಲೆ ಬಂಗಾರದ ಸಹಿ. ಹದಿನಾಲ್ಕು ಮಾಡಿ ನಿಲ್ಲಿಸಿದರಂತೆ. "ನನ್ನ ಬೆರಳೂ ಗಿಡ್ಡ" ಅಂತ ನಮ್ಮವರು ತಮ್ಮ ಕೈ ಚಾಚಿ ತೋರಿಸಿದರು. ಎಲ್ಲಿಯದೋ ಒಬ್ಬ ಮನುಷ್ಯನ ಅಂಗಿ ತಮಗೆ ಸರಿಯಾಗಿ ಹೊಂದಿದೆ ಅನ್ನುವ ಖುಷಿ ಅದು.

ದಸರೆಯ ಖಂಡೇ ಪೂಜೆ ಹತ್ತಿರ ಬಂದಿದೆ. ಈ ವರ್ಷ ಹಬ್ಬ ಸರಿಯಾಗಿ ಆಗಬೇಕು ಅಂತ ಅತ್ತೆಯವರು ಹೇಳುತ್ತಿದ್ದಾರೆ. ಯಾಕೂಬಸಾಬನಿಗೆ ಬರಿಗೈಯಲ್ಲಿ ಹೋಗಲು ಹೇಳಿದೆ. ಸಿಟ್ಟಾಗಬೇಡಿ.

ಸುಂದರವ್ವ

*

ಸಿಂದಗಿ
9 ಅಕ್ಟೋಬರ್ 1976

ವೈನಿಯವರೆ,

ನಿಮ್ಮ ಪತ್ರ ಮೂರು ಸಲ ಓದಿದೆ. ನಾನು ಕೇಳಿದ್ದು ಇಟ್ಟುಕೊಳ್ಳುವುದಕ್ಕಲ್ಲ. ಹೇಗೆ ಹೇಳಬೇಕೋ ತಿಳಿಯದು, ಆದ್ದರಿಂದ ಬಿಡುತ್ತೇನೆ.

ಹದಿನೈದು ದಿನದಿಂದ ಸಿಂದಗಿ ತಾಲೂಕಿನ ಗೋಡೆಗಳ ಮೇಲೆ ಸರಕಾರದ ಕುಟುಂಬ ಯೋಜನೆಯ ಕೆಂಪು ತ್ರಿಕೋನ ಬರೆಯುತ್ತಿದ್ದೇನೆ. ಅದರ ಕೆಳಗೆ ಗಂಡ, ಹೆಂಡತಿ, ಎರಡು ಮಕ್ಕಳು ನಗುತ್ತಿರಬೇಕು. ನನ್ನ ಕೈಯಲ್ಲಿ ನಾಲ್ಕೂ ಮುಖ ಒಂದೇ ತರಹ ಬರುತ್ತವೆ. ನಿನ್ನೆ ಒಬ್ಬ ಮುದುಕಿ ನಿಂತು ನೋಡಿ, "ಯಪ್ಪಾ, ಕೂಸಿಗೂ ಮೀಸಿ ಬಂದಂಗ ಕಾಣ್ತೈತಲ್ಲೋ" ಅಂದಳು. ಸೋಮನಿಂಗ ಇದ್ದಿದ್ದರೆ ಇದನ್ನು ಹತ್ತು ಮಂದಿಗೆ ಹೇಳಿಕೊಂಡು ನಗುತ್ತಿದ್ದ.

ಬಸಂತರಾಯ ಮಾಸ್ತರರು ಬಂದಿದ್ದರೇ? ಬಂದು ಏನಾದರೂ ಅಂದರೇ? ಎರಡು ಸಾಲು ಬರೆದು ತಿಳಿಸಿ. ಇಂಡಿಯ ವಿಳಾಸಕ್ಕೇ ಬರೆಯಿರಿ.

ಭೀಮಶ್ಯಾ

*

ನಾಲತವಾಡ
21 ಅಕ್ಟೋಬರ್ 1976

ಅಣ್ಣಾವರೆ,

ಯಾರೂ ಬಂದಿಲ್ಲ. ಹಬ್ಬ ಆಯಿತು. ಗಿಟಾರ್ ಚೆನ್ನಾಗಿದೆ. ಅವರ ಧೋತರದಲ್ಲಿ ಸುತ್ತಿ ಸಂದೂಕಿನಲ್ಲಿ ಇಟ್ಟಿದ್ದೇನೆ.

ಮೊನ್ನೆ ಮಧ್ಯಾಹ್ನ ಕಣ್ಣು ಹತ್ತಿದಾಗ ಒಂದು ಕನಸು ಬಿತ್ತು. ಎದೆಯೆತ್ತರ ಜೋಳ ನಿಂತಿದೆ. ಅದರ ನಡುವೆ ಅವರು ಬೆನ್ನು ತಿರುಗಿಸಿ ನಡೆದು ಹೋಗುತ್ತಿದ್ದಾರೆ. ದಂಟುಗಳು ಅವರ ಅಂಗಿಗೆ ತಾಗಿದಲ್ಲೆಲ್ಲ ತಂತಿಯ ಸಪ್ಪಳ. ನಾನು ಹಿಂದೆ ಹೋದರೆ ನನಗೆ ತಾಗಿದ ದಂಟು ಬರೇ ಸೊಪ್ಪಿನ ಸಪ್ಪಳ ಮಾಡುತ್ತದೆ. ಎಚ್ಚರಾದ ಮೇಲೂ ಎಷ್ಟೋ ಹೊತ್ತು ಯಾವುದು ಯಾವ ಸಪ್ಪಳ ಅಂತ ಕೇಳುತ್ತ ಮಲಗಿದ್ದೆ.

ಒಂದು ಕೇಳುತ್ತೇನೆ. ಆ ಸಹಿ ಹೇಗಿತ್ತು ಅಂತ ನಿಮಗೆ ನೆನಪಿದೆಯೇ? ನೀವು ಬೋರ್ಡು ಬರೆಯುವವರು, ಅಕ್ಷರ ಮರೆಯುವುದಿಲ್ಲ. ಮೊದಲ ಇಂಗ್ಲಿಷ್ ಅಕ್ಷರ ದೊಡ್ಡದು. ಕೊನೆಯ ಅಕ್ಷರದಿಂದ ಒಂದು ಗೆರೆ ಹಿಂದಕ್ಕೆ ಹೊರಳಿ ಇಡೀ ಹೆಸರಿನ ಕೆಳಗೆ ಹರಿಯುತ್ತಿತ್ತು. ನಡುವಿನದು ನನಗೆ ತಪ್ಪುತ್ತದೆ. ದಿನಚರಿಯ ವಹಿಯಲ್ಲಿ ಬರೆದಿಡಬೇಕು ಅಂತ ಕೇಳಿದೆ. ಬೇರೆ ಏನೂ ಅಲ್ಲ.

ಸುಂದರವ್ವ

*

ಇಂಡಿ
30 ಅಕ್ಟೋಬರ್ 1976

ವೈನಿಯವರೆ,

ಗಿಟಾರ್ ನಿಮ್ಮ ಸಂದೂಕಿನಲ್ಲೇ ಇದೆ. ಧೋತರ ಬಿಚ್ಚಿದರೆ ಸಹಿ ಕಾಣುತ್ತದೆ. ಅದನ್ನು ನೋಡಿ ವಹಿಯಲ್ಲಿ ಬರೆದುಕೊಳ್ಳುವುದು ಬಿಟ್ಟು ನನ್ನನ್ನೇ ಯಾಕೆ ಕೇಳಿದಿರಿ? ಯಾರಾದರೂ ಏನಾದರೂ ಹೇಳಿದರೇ? ಬಸಂತರಾಯರು ಬಂದಿಲ್ಲ ಅಂತ ಬರೆದಿರಿ. ಪತ್ರ ಬರೆದಿದ್ದಾರೋ ಏನೋ.

ಸಹಿ ನನಗೆ ನೆನಪಿಲ್ಲ. ನೂರಾರು ಬೋರ್ಡು ಬರೆದ ಮೇಲೆ ಎಲ್ಲ ಒಂದರೊಳಗೊಂದು ಕಲೆತು ಹೋಗುತ್ತವೆ.

ಹೊರ್ತಿಯ ಮದುವೆಗೆ ನಮ್ಮ ಆರ್ಕೆಸ್ಟ್ರಾ ಕರೆದಿದ್ದರು. ಸೋಮನಿಂಗ ಗಿಟಾರ್ ಹಿಡಿದು ಕೂಡುತ್ತಿದ್ದ ಜಾಗದಲ್ಲಿ ಒಂದು ಖಾಲಿ ಖುರ್ಚಿ ಇಟ್ಟುಕೊಂಡೇ ಬಾರಿಸಿದೆವು. ಮಂದಿಗೆ ಫರಕು ತಿಳಿಯಲಿಲ್ಲ. ನನಗೆ ತಾಳ ಎರಡು ಸಲ ತಪ್ಪಿತು.

ಭೀಮಶ್ಯಾ

*

ನಾಲತವಾಡ
15 ನವೆಂಬರ್ 1976

ಅಣ್ಣಾವರೆ,

ನಿಮಗೆ ಸುಳ್ಳು ಬರೆದೆ. ಸಹಿ ಇಲ್ಲ. ನಾನೇ ತಿಕ್ಕಿ ಅಳಿಸಿದೆ.

ಖಂಡೇ ಪೂಜೆಯ ಮುನ್ನಾದಿನ ಅತ್ತೆಯವರು ಅಂಗಳದಲ್ಲಿ ಹತ್ಯಾರಗಳನ್ನೆಲ್ಲ ಹರವಿದರು. ಹೋದ ವರ್ಷ ಮನೆಯಲ್ಲಿ ಸಾವಾಗಿತ್ತು ಅಂತ ಯಾವುದನ್ನೂ ಪೂಜೆಗೆ ಇಟ್ಟಿರಲಿಲ್ಲ. ಕುಡಗೋಲು, ಕೊಡಲಿ, ನಮ್ಮವರ ಇಕ್ಕಳ, ಬೆಸುಗೆ ಹಾಕುವ ಕಡ್ಡಿ. ಕೊನೆಗೆ ಗೋಡೆಯ ಕಡೆ ಕೈ ಮಾಡಿ, "ಅದೂ ನನ್ನ ಮಗನ ಹತ್ಯಾರನ ಅಲ್ಲೇನವಾ? ಅದನ್ನೂ ತೊಳಿ" ಅಂದರು.

ಅದಕ್ಕೆ ನೀರು ಹಾಕಬಾರದು ಅಂತ ನನಗೆ ಗೊತ್ತು. ಮೈಯನ್ನು ಒಣ ಅರಿವೆಯಿಂದ ಒರೆಸಿದೆ. ತಲೆಯ ಮೇಲಿನ ಹಿತ್ತಾಳೆ ಬಿರಡೆಗಳು ಕಪ್ಪಾಗಿದ್ದವು. ಅವನ್ನಷ್ಟು ಬೆಳಗೋಣ ಅಂತ ಹುಣಸೆಹಣ್ಣು, ಬೂದಿ ತೆಗೆದುಕೊಂಡು ಕೂತೆ. ಬಿಸಿಲು ಇಳಿಯುತ್ತಿತ್ತು. ತಿಕ್ಕುವಾಗ ತಂತಿಗಳು ತಾವೇ ಸಣ್ಣಗೆ ಮಿಡಿಯುತ್ತಿದ್ದವು. ವರ್ಷದ ಮೇಲೆ ಆ ದನಿ ಕೇಳಿದ್ದು. ಅದನ್ನು ಕೇಳಿಕೊಂಡು ನಾನು ಎಲ್ಲಿಗೋ ಹೋದೆ. ಕೈ ಮಾತ್ರ ಕೊಡ ತಿಕ್ಕುವ ಕೈ, ತಿಕ್ಕುತ್ತಲೇ ಇತ್ತು. ನಾರಿನ ತುದಿಗೆ ಬಂಗಾರದ ಬಣ್ಣ ಹತ್ತಿದ್ದು ಕಂಡು ಹಿತ್ತಾಳೆಗೆ ಹೊಳಪು ಬಂತು ಅಂದುಕೊಂಡೆ. ನೋಡಿದರೆ ಗಿಟಾರಿನ ತಲೆ ಬೋಳಾಗಿತ್ತು.

ಅತ್ತೆಯವರಿಗೆ ಓದಲು ಬಾರದು. ಅಲ್ಲಿ ಏನೋ ಇತ್ತು, ಈಗಿಲ್ಲ ಅಂತ ಅವರಿಗೆ ತಿಳಿಯಲೇ ಇಲ್ಲ. ಅದರ ಮೇಲೆಯೇ ವಿಭೂತಿ ಹಚ್ಚಿ ಹೂ ಏರಿಸಿದರು. ನಾನು ಕೈ ಮುಗಿದೆ.

ನಮ್ಮವರು ಹೋದಾಗಿನಿಂದ ನಾನು ಎಲ್ಲವನ್ನೂ ಇದ್ದ ಹಾಗೆ ಇಟ್ಟಿದ್ದೆ. ಅವರು ಅಷ್ಟು ಹಂಬಲಿಸಿದ ಹೆಸರನ್ನು ನಾನೇ ತೊಳೆದು ಮೋರಿಗೆ ಬಿಟ್ಟೆ. ಬಸಂತರಾಯ ಮಾಸ್ತರರಂಥವರು ಬಂದು ನೋಡಿದರೆ ನಮ್ಮವರ ಗಿಟಾರ್ ಖೊಟ್ಟಿ ಅನ್ನುತ್ತಾರೆ. ನಮ್ಮವರು ಸುಳ್ಳುಗಾರರಾಗುತ್ತಾರೆ.

ಇದನ್ನು ಕೇಳಲು ನಾಚಿಕೆಯಾಗುತ್ತದೆ. ನೀವು ಬಂದು ಆ ಸಹಿಯನ್ನು ಮತ್ತೆ ಬರೆದು ಕೊಡುತ್ತೀರಾ? ದೊಡ್ಡ ಕಲಾವಿದರ ಸಹಿಯನ್ನು ಬೇರೆಯವರು ಬರೆಯುವುದು ಪಾಪ ಅಂತ ಗೊತ್ತು. ನಿಮ್ಮಂಥ ಸರಳ ಮನುಷ್ಯರಿಂದ ಇಂಥದ್ದು ಮಾಡಿಸಬಾರದು. ಪಾಪ ನನಗಿರಲಿ.

ಸುಂದರವ್ವ

*

ಇಂಡಿ
11 ಡಿಸೆಂಬರ್ 1976

ವೈನಿಯವರೆ,

ನಿಮ್ಮ ಪತ್ರ ಬಂದು ಮೂರು ವಾರ. ಪ್ರತಿ ದಿನ ಬರೆಯಲು ಕೂತೆ, ಪ್ರತಿ ದಿನ ಹರಿದೆ. ಇದನ್ನು ಹರಿಯುವ ಮೊದಲೇ ಡಬ್ಬಿಗೆ ಹಾಕುತ್ತೇನೆ.

ಆ ಪಾಪ ಐದು ವರ್ಷದ ಹಿಂದೆಯೇ ಮಾಡಿದವನು ನಾನು. ಅದು ಕುಟಿನೊ ಗಿಟಾರ್ ಅಲ್ಲ. ಸೊಲ್ಲಾಪುರದ ಹಳೇ ಸಾಮಾನಿನ ಬಜಾರದಲ್ಲಿ ಸಿಕ್ಕ ಒಂದು ಕೆಂಪು ಗಿಟಾರ್. ಸಪೂರ ಕುತ್ತಿಗೆ ಇತ್ತು, ಒಂದು ಗುಂಡಿ ಹೆಚ್ಚಿತ್ತು. ತಲೆಯ ಮೇಲಿನ ಹೆಸರನ್ನು ಯಾರೋ ಕೆರೆದು ತೆಗೆದಿದ್ದರು. ಸೋಮನಿಂಗ ಒಂದು ವಾದ್ಯದ ಅಂಗಡಿಯ ಬೆಲೆಪಟ್ಟಿಯಿಂದ ಕುಟಿನೊ ಗಿಟಾರಿನ ಚಿತ್ರ ಕತ್ತರಿಸಿ ರೇಡಿಯೋದ ಹಿಂದಿನ ಗೋಡೆಗೆ ಅಂಟಿಸಿದ್ದ. ಆ ಚಿತ್ರವನ್ನು ಅವನಿಗೆ ತಿಳಿಯದ ಹಾಗೆ ಒಂದು ದಿನ ತಂದೆ. ಚೌಕ ಹಾಕಿಕೊಂಡು ಸಹಿ ದೊಡ್ಡದು ಮಾಡಿ, ಬಂಗಾರದ ಪುಡಿಯನ್ನು ವಾರ್ನಿಶಿನಲ್ಲಿ ಕಲೆಸಿ ಬರೆದೆ. ಕೊನೆಯ ಗೆರೆ ಸ್ವಲ್ಪ ಉದ್ದ ಎಳೆದೆ. ಅದು ನನ್ನ ಕೈಯ ಚಟ.

ಮದುವೆಯಲ್ಲಿ ಕೊಟ್ಟು ನಕ್ಕು ಹೇಳಿಬಿಡಬೇಕು ಅಂತಲೇ ಇದ್ದೆ. ಅವನು ಅದನ್ನು ನೋಡಿ ಮಾತಿಲ್ಲದೆ ನನ್ನನ್ನು ತಬ್ಬಿಕೊಂಡ. ಬಾಸಿಂಗ ಕಟ್ಟಿದವನು ಅತ್ತ. ಆಮೇಲೆ ಯಾವ ದಿನ ಹೇಳಲಿ? ಬಸಂತರಾಯರು ನೋಡಿದರೆ ಒಂದೇ ನೋಟಕ್ಕೆ ತಿಳಿಯುತ್ತದೆ, ನಿಮ್ಮ ಮುಂದೆ ಅಂದುಬಿಡುತ್ತಾರೆ ಅಂತ ಹೆದರಿ ಅದನ್ನು ಕಳಿಸಿ ಅಂದೆ. ಥಂಡಿಯೂ ಇಲ್ಲ, ಎಂಥದೂ ಇಲ್ಲ.

ನೀವು ತೊಳೆದದ್ದು ನನ್ನ ಸುಳ್ಳು. ನನ್ನ ತಪ್ಪಿಗೆ ನೀವು ಅಳುತ್ತಿದ್ದೀರಿ. ನನಗೆ ಸಿಟ್ಟಿನಲ್ಲಿ ಏನು ಬೇಕಾದರೂ ಬರೆಯಿರಿ. ಸೋಮನಿಂಗನನ್ನು ಮಾತ್ರ ಮರುಳ ಅಂದುಕೊಳ್ಳಬೇಡಿ. ಅವನು ನನ್ನನ್ನು ನಂಬಿದ, ಅಷ್ಟೇ.

ಭೀಮಶ್ಯಾ

*

ನಾಲತವಾಡ
12 ಡಿಸೆಂಬರ್ 1976

ಅಣ್ಣಾವರೆ,

ನನ್ನ ಪತ್ರಕ್ಕೆ ಉತ್ತರ ಬರಲಿಲ್ಲ. ಯಾಕೆ ಅಂತ ನಿನ್ನೆ ತಿಳಿಯಿತು.

ನಿನ್ನೆ ಹನ್ನೊಂದರ ಬಸ್ಸಿಗೆ ಬಸಂತರಾಯ ಮಾಸ್ತರರು ಬಂದರು. ಬಿಳಿ ಟೋಪಿಯ ವಯಸ್ಸಾದ ಮನುಷ್ಯ. ಕೈಯಲ್ಲಿ ಕರೀ ಪೆಟ್ಟಿಗೆ. ಗಂಡ ಹೋದ ಮನೆಗೆ ಗಿಟಾರ್ ನೋಡಲು ಬಂದೆ ಅಂತ ಹೇಳಲು ಅವರಿಗೆ ಎಷ್ಟೋ ಹೊತ್ತು ಬೇಕಾಯಿತು. ನನಗೆ ಇನ್ನು ಮುಚ್ಚಿಡುವ ಶಕ್ತಿ ಇರಲಿಲ್ಲ. ಸಂದೂಕಿನಿಂದ ತೆಗೆದು ಮುಂದಿಟ್ಟು, ಹುಣಸೆಹಣ್ಣಿನ ವಿಷಯ ಹೇಳಿ ಅತ್ತುಬಿಟ್ಟೆ.

ಅವರು ಗಿಟಾರಿನ ಬೋಳು ತಲೆಯನ್ನು ನೋಡಿದರು. ಆಮೇಲೆ ತಮ್ಮ ಪೆಟ್ಟಿಗೆ ತೆಗೆದರು. ಅವರ ಗಿಟಾರಿನಲ್ಲಿ ಅಕ್ಷರಗಳನ್ನು ಕಟ್ಟಿಗೆಯಲ್ಲೇ ಕೊರೆದು ಹಿತ್ತಾಳೆ ತಂತಿ ತುಂಬಿದ್ದಾರೆ. "ಖರೇ ಕುಟಿನೊ ಸಹಿ ಹುಣಸೀಹಣ್ಣಿಗೆ ಹೋಗೂದಿಲ್ಲವಾ. ತಿಕ್ಕಿದಷ್ಟೂ ಹೊಳೀತೈತಿ" ಅಂದರು.

"ಹಂಗಾರ ನಮ್ಮದು ಯಾತರದು?" ಅಂತ ಅತ್ತೆಯವರು ಬಾಗಿಲಿನಿಂದಲೇ ಕೇಳಿದರು.

ಆಗ ಅವರು ಹೇಳಿದ್ದನ್ನು ನಿಮಗೆ ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. ಮೂರು ವರ್ಷದ ಹಿಂದೆ ಗಣೇಶ ಚೌತಿಯ ಹೊತ್ತಿಗೆ ನಿಮ್ಮ ಗೆಳೆಯರು ಬಾಗೇವಾಡಿಗೆ ಹೋಗಿ ಇವರ ಗಿಟಾರ್ ನೋಡಿದ್ದಾರೆ. ಕೊರೆದ ಅಕ್ಷರದ ಮೇಲೆ ಬೆರಳಾಡಿಸುತ್ತ, ಕೊಟ್ಟ ಚಹಾ ಆರಲು ಬಿಟ್ಟಿದ್ದಾರೆ. ನಿಮ್ಮದೂ ಹಿಂಗ ಐತೇನ್ರಿ ಅಂತ ಮಾಸ್ತರರು ಕೇಳಿದರಂತೆ.

"ಇಲ್ರಿ ಮಾಸ್ತರ. ನಂದು ನನ್ನ ಗೆಳೆಯಾ ಬರದದ್ದು. ನನಗ ಗೊತ್ತಾಗೇತಿ ಅಂತ ಅಂವಗ ಗೊತ್ತಾಗಬಾರ್ದು ನೋಡ್ರಿ" ಅಂದರಂತೆ.

ಅವರಿಗೆ ಕೊಟ್ಟ ಮಾತನ್ನು ಇವತ್ತು ಮುರಿದೆ ಅಂತ ಮಾಸ್ತರರು ಟೋಪಿ ತೆಗೆದು ಕಣ್ಣು ಒರೆಸಿಕೊಂಡರು. ತಪ್ಪು ಹಿಡಿಯಲು ಅವರು ಬಂದಿರಲಿಲ್ಲ. ಖರೇದನ್ನು ನೋಡಿದ ಮೇಲೂ ಬಿಡದೆ ನುಡಿಸಿದರಲ್ಲ, ಆ ಗಿಟಾರ್ ಹೇಗಿದೆ ನೋಡಬೇಕು ಅಂತ ಬಂದಿದ್ದರು. ತಮ್ಮದನ್ನು ಹನ್ನೊಂದು ವರ್ಷದಿಂದ ಇಟ್ಟುಕೊಂಡಿದ್ದಾರೆ. ಕುಟಿನೊ ತರಹ ನುಡಿಸಲು ತಮಗೆ ಎಂದೂ ಬರಲಿಲ್ಲ, ಆದರೆ ಅದನ್ನು ಕೈಗೆ ತೆಗೆದುಕೊಂಡರೆ ಯಾರೋ ಎದುರಿಗೆ ಕೂತು ಕೇಳುತ್ತಿದ್ದಾರೆ ಅನ್ನಿಸುತ್ತದೆ, ಮನಸ್ಸಿಗೆ ಬಂದ ಹಾಗೆ ನುಡಿಸಲಾಗುವುದಿಲ್ಲ ಅಂದರು. ಹೋಗುವ ಮುಂಚೆ ನಮ್ಮದನ್ನೂ ರೇಡಿಯೋಕ್ಕೆ ಹಚ್ಚಿ ಒಂದು ಚೀಜು ನುಡಿಸಿದರು. ಅತ್ತೆಯವರು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕೇಳಿದರು.

ಮೊದಲು ನನಗೆ ಸಿಟ್ಟು ಬಂತು. ನಿಮ್ಮ ಮೇಲಲ್ಲ. ಗೊತ್ತಾದ ಮೇಲೂ ಎರಡು ವರ್ಷ ಅವರು ನನ್ನ ಮುಂದೆ ಕುಟಿನೊ ಕಥೆಯನ್ನು ಅದೇ ಖುಷಿಯಿಂದ ಹೇಳಿದರಲ್ಲ, ಅವರ ಮೇಲೆ. ಸಂಜೆ ಕಸ ಹೊಡೆಯುವಾಗ ಸಿಟ್ಟು ಇಳಿಯಿತು. ಅವರು ಹೇಳುತ್ತಿದ್ದುದು ಕುಟಿನೊ ಕಥೆಯಲ್ಲ, ನಿಮ್ಮ ಕಥೆ ಅನ್ನಿಸಿತು.

ಸುಂದರವ್ವ

*

ನಾಲತವಾಡ
26 ಡಿಸೆಂಬರ್ 1976

ಅಣ್ಣಾವರೆ,

ನಿಮ್ಮ ಪತ್ರ ಕೈಗೆ ಬಂತು. ಅದೂ ನನ್ನದೂ ದಾರಿಯಲ್ಲಿ ಎಲ್ಲೋ ಒಂದರ ಪಕ್ಕ ಒಂದು ಹಾದುಹೋಗಿರಬೇಕು. ಈಗ ಇಬ್ಬರಲ್ಲೂ ಮುಚ್ಚಿಡಲು ಏನೂ ಉಳಿದಿಲ್ಲ.

ಬಸಂತರಾಯ ಮಾಸ್ತರರು ತಮ್ಮ ಗಿಟಾರಿನ ಮೇಲೆ ಕಾಗದ ಇಟ್ಟು ಸೀಸದಕಡ್ಡಿ ತಿಕ್ಕಿ, ಖರೇ ಸಹಿಯ ಅಚ್ಚು ತೆಗೆದು ಕೊಟ್ಟು ಹೋಗಿದ್ದಾರೆ. ಅದರಲ್ಲಿ ಕೊನೆಯ ಗೆರೆ ಅಷ್ಟು ಉದ್ದವಿಲ್ಲ. ಅದು ನನಗೆ ಬೇಡ. ನಮ್ಮವರು ಇಟ್ಟುಕೊಂಡದ್ದು ನಿಮ್ಮದು. ಅದನ್ನೇ ಬರೆಯಲು ಬರ್ರಿ.

ಸುಂದರವ್ವ

*

ಇಂಡಿ
4 ಜನವರಿ 1977

ವೈನಿಯವರೆ,

ಅವನಿಗೆ ಗೊತ್ತಿತ್ತು. ಸಂಕ್ರಮಣದ ಮರುದಿನ ಬರುತ್ತೇನೆ. ಗೆರೆ ಡೊಂಕಾದರೆ ನಗಬೇಡಿ.

ಭೀಮಶ್ಯಾ

*

ನಾಲತವಾಡ
20 ಜನವರಿ 1977

ಅಣ್ಣಾವರೆ,

ನೀವು ಊಟ ಮಾಡದೆ, ಬಸ್ಸು ತಪ್ಪುತ್ತದೆ ಅಂತ ಓಡಿದಿರಿ. ಬಣ್ಣ ಒಣಗಲು ಎರಡು ದಿನ ಬಿಡಿ ಅಂದಿದ್ದಿರಿ. ನಾನು ನಾಲ್ಕು ದಿನ ಬಿಟ್ಟೆ. ಇವತ್ತು ಬೆಳಿಗ್ಗೆ ಬಿಸಿಲಿಗೆ ಹಿಡಿದು ನೋಡಿದಾಗ ಉದ್ದ ಗೆರೆಯ ಕೆಳಗೆ, ಮೂಲೆಯಲ್ಲಿ, ಸಾಸಿವೆಯಷ್ಟು ಸಣ್ಣ ಕನ್ನಡ ಅಕ್ಷರ ಕಂಡವು. ಭೀಮಶ್ಯಾ, ಇಂಡಿ.

ನೀವು ಬರೆಯುತ್ತಿದ್ದಾಗ ನಾನು ಒಲೆಯ ಮುಂದೆ ಇದ್ದೆ. ಅತ್ತೆಯವರು ನಿಮಗೆ ಏನೋ ಜೋರು ಮಾಡಿದ್ದು ಕೇಳಿಸಿತ್ತು, ಮಾತು ತಿಳಿದಿರಲಿಲ್ಲ. ಈಗ ಕೇಳಿದರೆ ತಾವೇ ಹೇಳಿದರು. "ಊರ ತುಂಬ ಬೋರ್ಡ ಬರದು ಮೂಲ್ಯಾಗ ನಿನ್ನ ಹೆಸರ ಹಾಕ್ತೀಯಂತ. ನನ್ನ ಮಗನ ಸಾಮಾನಕ್ಕ ಹಾಕಾಕ ಏನ ಧಾಡಿ ನಿನಗ, ಅಂತ ಬೈದೆ" ಅಂದರು. ಬೈದದ್ದಕ್ಕೆ ಅವರಿಗೆ ಬೇಜಾರೇನೂ ಇದ್ದಂತಿಲ್ಲ.

ನಾನು ಅವರಿಗೆ ಎರಡೂ ಹೆಸರು ಓದಿ ಹೇಳಿದೆ. ಮೇಲಿನದು, ಕೆಳಗಿನದು. ಇನ್ನೊಂದು ಸಲ ಓದಿಸಿದರು. ಆಮೇಲೆ ಗಿಟಾರನ್ನೇ ನೋಡುತ್ತ, "ಬಾರಸೋರ್ಯಾರವಾ ಈಗ?" ಅಂತ ಕೇಳಿದರು.

ನಾನು ಕೈಗೆ ಹತ್ತಿದ್ದ ರೊಟ್ಟಿಯ ಹಿಟ್ಟು ತೊಳೆದುಕೊಂಡು ಬಂದು, ಅವರ ಎದುರಿಗೆ ಕೂತು, ಗಿಟಾರನ್ನು ತೊಡೆಯ ಮೇಲೆ ಇಟ್ಟುಕೊಂಡೆ.

ಸುಂದರವ್ವ